ಉಪ್ಪಿನ ಹರಳು ಕಲಿಸುವ ಪಾಠ

ಭಟ್ಕಳ, ಹೊನ್ನಾವರಗಳನ್ನು ದಾಟಿ ಕುಮಟಾದಿಂದ ಗೋಕರ್ಣದತ್ತ ಹೊರಟವರಿಗೆ ಸಾಣಿಕಟ್ಟಾದ ಉಪ್ಪಿನ ಆಗರಗಳು ಹೊಸತಲ್ಲ. ಅಳಿವೆಯ ನೀರು ಬಿಸಿಲಿಗೆ ಆರಿ ಹರಳುಗಟ್ಟುವುದನ್ನು ಅಲ್ಲಿನ ಮಕ್ಕಳೂ ಕಂಡಿದ್ದಾರೆ. ಆ ಹರಳಿನ ಒಳಗೇನಿದೆ ಎಂಬುದನ್ನು ಮಾತ್ರ ಜಗತ್ತು ಅರಿತದ್ದು 1913ರಲ್ಲಿ.

ಅದರ ಹಿಂದಿನ ವರ್ಷ ಮ್ಯೂನಿಕ್‌ನಲ್ಲಿ, ಲಾವೆಯ ಸೂಚನೆಯಂತೆ, ಮೈಲುತುತ್ತದ ಹರಳಿನ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಲಾಗಿತ್ತು. ಛಾಯಾಫಲಕದ ಮೇಲೆ ಚುಕ್ಕೆಗಳು ಮೂಡಿದವು. ಅವುಗಳ ಅರ್ಥವನ್ನು ಬಿಡಿಸಿ, ಉಪ್ಪಿನ ರಚನೆಯನ್ನು ತೋರಿಸಿಕೊಟ್ಟ ಲಾರೆನ್ಸ್ ಬ್ರ್ಯಾಗ್ 1915ರಲ್ಲಿ ತಂದೆಯೊಡನೆ ನೊಬೆಲ್ ಪಡೆದಾಗ ಆತನ ವಯಸ್ಸು 25.

ವಿಧಾನ ಗಹನವೆನಿಸಿದರೂ ಲೆಕ್ಕ ಸರಳ. ಉಪ್ಪಿನ ಪುಡಿಯಿಂದ ಚದುರಿದ ಕಿರಣಗಳು, ಸುತ್ತಿಟ್ಟ ಫಿಲ್ಮಿನ ಮೇಲೆ ಜೋಡಿ ಕಮಾನುಗಳನ್ನು ಮೂಡಿಸುತ್ತವೆ. ಕ್ಯಾಮೆರಾದ ವ್ಯಾಸ 57.3 ಮಿಲಿಮೀಟರ್ ಆಗಿದ್ದರೆ, ಜೋಡಿಯ ನಡುವಣ ಮಿಲಿಮೀಟರ್‌ಗಳ ಅರ್ಧವೇ ಡಿಗ್ರಿಗಳಲ್ಲಿ ಬ್ರ್ಯಾಗ್ ಕೋನ. ಈ ಕೋನಗಳ ಸೈನ್‌ಗಳನ್ನು ವರ್ಗೀಕರಿಸಿದರೆ 3, 4, 8, 11, 12ರ ಅನುಪಾತ ದೊರೆಯುತ್ತದೆ. ಮೂಲೆಗಳಲ್ಲಷ್ಟೇ ಅಲ್ಲದೆ ಪ್ರತಿ ಮುಖದ ನಡುವೆಯೂ ಬಿಂದುವಿರುವ ಘನಜಾಲದ ಗುರುತು ಅದು. ತಾಮ್ರದ 1.54 ಆಂಗ್‌ಸ್ಟ್ರಾಂ ಕಿರಣಕ್ಕೆ ಅತಿ ಗಾಢವಾದ ಜೋಡಿಯ ಅಂತರ 31.7 ಮಿಲಿಮೀಟರ್, ಕೋನ 15.85 ಡಿಗ್ರಿ, ಪದರಗಳ ಅಂತರ 2.82 ಆಂಗ್‌ಸ್ಟ್ರಾಂ. ಅನುಪಾತದಲ್ಲಿ ಅದರ ಸ್ಥಾನ ನಾಲ್ಕು, ಅದರ ವರ್ಗಮೂಲ ಎರಡು. ಹೀಗಾಗಿ ಘನದ ಅಂಚು 5.64 ಆಂಗ್‌ಸ್ಟ್ರಾಂ.

ಇದು ಬರಿಯ ಅಂಕಿಯಲ್ಲ. ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್‌ನ ಸುತ್ತ ಆರು ಸೋಡಿಯಂ. ಇಂಥ ಎರಡು ಮಾತ್ರ ಜೊತೆಗೂಡಿದ ‘ಉಪ್ಪಿನ ಅಣು’ ಅಲ್ಲಿ ಇಲ್ಲವೇ ಇಲ್ಲ! ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ ಈ ಚದುರಂಗದ ಮಣೆಯನ್ನು ಗೇಲಿ ಮಾಡಿದರು. ಕೊನೆಗೆ ಗೆದ್ದದ್ದು ಹಿರಿತನವಲ್ಲ, ಅಳತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಬಳಿ ಕಲಿತ ಜಿ.ಎನ್. ರಾಮಚಂದ್ರನ್, ಮುಂದೆ ಮದರಾಸಿನಲ್ಲಿ ಕೊಲಾಜೆನ್‌ನ ಮೂರೆಳೆಯ ಸುರುಳಿಯನ್ನು ನಿರೂಪಿಸಿದ್ದೂ ಇಂಥದೇ ಚಿತ್ರಗಳ ನೆರವಿನಿಂದ.

ನಮ್ಮ ವಿದ್ಯಾರ್ಥಿ ಬ್ರ್ಯಾಗ್ ಸೂತ್ರವನ್ನು ಕಂಠಪಾಠ ಮಾಡಿ ಅಂಕ ಗಳಿಸಿದರೆ ಸಾಲದು. ಎಕ್ಸ್-ಕಿರಣ ಉಪಕರಣ ದುಬಾರಿ, ಒಪ್ಪೋಣ. ಆದರೆ ಚಿತ್ರದ ಒಂದು ಪ್ರತಿ, ಒಂದು ಅಳತೆಪಟ್ಟಿ, ಸೈನ್ ಕೋಷ್ಟಕ ದುಬಾರಿಯಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಈ ಲೆಕ್ಕವನ್ನು ತಾನೇ ಮಾಡಿದ ಕರಾವಳಿಯ ಹುಡುಗಿಗೆ, ಮರುದಿನ ಊಟದ ಎಲೆಯ ತುದಿಯಲ್ಲಿ ಬಡಿಸಿದ ಉಪ್ಪು ಬೇರೆಯಾಗಿಯೇ ಕಂಡೀತು.