ಎರಡು ಬ್ರೌಸರ್‌ಗಳ ಬಳಕೆ ಮತ್ತು ಡೀಫಾಲ್ಟ್ ಬ್ರೌಸರ್‌ನ ಆಯ್ಕೆ

ಪಹಣಿ ಪಡೆಯುವುದು, ಫ್ರೂಟ್ಸ್ ನೋಂದಣಿ, ಬೆಳೆ ವಿಮೆಯ ವಿವರ ಪರಿಶೀಲನೆ ಮೊದಲಾದ ಕಾರ್ಯಗಳು ಇಂದು ಜಾಲತಾಣಗಳ ಮೂಲಕ ನಡೆಯುತ್ತಿವೆ. ಜಾಲತಾಣವನ್ನು ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವುಗಳಲ್ಲಿ ಪ್ರಮುಖವಾದವು. ಅರ್ಜಿಯ ಕೊನೆಯ ದಿನ ಪುಟ ತೆರೆಯದಿದ್ದರೆ, ತಾಣವೇ ಸ್ಥಗಿತಗೊಂಡಿದೆ ಎಂದು ಭಾವಿಸದೆ ಅದೇ ವಿಳಾಸವನ್ನು ಮತ್ತೊಂದು ಬ್ರೌಸರ್‌ನಲ್ಲಿ ತೆರೆದು ನೋಡಿರಿ. ಈ ಕಾರಣಕ್ಕಾಗಿ ಎರಡು ಬ್ರೌಸರ್‌ಗಳನ್ನು ಇಟ್ಟುಕೊಳ್ಳುವುದು ಸೂಕ್ತ.

ಡೀಫಾಲ್ಟ್ ಬ್ರೌಸರ್ ಎಂದರೇನು?

ಎಸ್‌ಎಂಎಸ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದಾಗ ಸಾಮಾನ್ಯವಾಗಿ ತಾನಾಗಿ ತೆರೆದುಕೊಳ್ಳುವ ಬ್ರೌಸರ್ ಇದು. ಪ್ರತಿಯೊಂದು ಬ್ರೌಸರ್ ತನ್ನ ಲಾಗಿನ್ ಮತ್ತು ಪಾಸ್‌ವರ್ಡ್‌ಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಆದುದರಿಂದ ಒಂದರಲ್ಲಿ ಲಾಗಿನ್ ಆಗಿದ್ದರೂ ಮತ್ತೊಂದರಲ್ಲಿ ಪುನಃ ಲಾಗಿನ್ ಆಗಬೇಕಾಗುತ್ತದೆ.

ಆಯ್ಕೆ ಹೇಗೆ?

ಸಹಾಯಧನದ ಹೆಸರಿನ ನಕಲಿ ಲಿಂಕ್‌ಗಳೂ ಡೀಫಾಲ್ಟ್ ಬ್ರೌಸರ್‌ನಲ್ಲಿಯೇ ತೆರೆಯುತ್ತವೆ. ಹೀಗಾಗಿ ಅದರಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಉಳಿಸಬೇಡಿರಿ. ಬ್ಯಾಂಕ್ ಹಾಗೂ ಸರ್ಕಾರಿ ತಾಣಗಳಿಗೆ ಎರಡನೆಯ ಬ್ರೌಸರನ್ನು ಮೀಸಲಿಟ್ಟು, ವಿಳಾಸವನ್ನು ನೀವೇ ಟೈಪ್ ಮಾಡಿ ಅಥವಾ ಬುಕ್‌ಮಾರ್ಕ್‌ನಿಂದ ತೆರೆಯಿರಿ. ಅಪರಿಚಿತ ಪುಟದಲ್ಲಿ ಒಟಿಪಿ ನಮೂದಿಸಿದರೆ ಯಾವ ಬ್ರೌಸರ್ ಕೂಡ ರಕ್ಷಿಸಲಾರದು ಎಂಬುದು ನೆನಪಿರಲಿ.

ಬದಲಾಯಿಸುವ ವಿಧಾನ

• ಆಂಡ್ರಾಯ್ಡ್ ಮೊಬೈಲ್: ಸೆಟ್ಟಿಂಗ್ಸ್ – ಆ್ಯಪ್ಸ್ – ಡೀಫಾಲ್ಟ್ ಆ್ಯಪ್ಸ್ – ಬ್ರೌಸರ್. ಮೊಬೈಲ್ ತಯಾರಕರನ್ನು ಅವಲಂಬಿಸಿ ಹೆಸರುಗಳು ತುಸು ಭಿನ್ನವಾಗಿರಬಹುದು.
• ವಿಂಡೋಸ್ 10 ಮತ್ತು 11: ಸೆಟ್ಟಿಂಗ್ಸ್ – ಆ್ಯಪ್ಸ್ – ಡೀಫಾಲ್ಟ್ ಆ್ಯಪ್ಸ್.

ಎರಡೂ ಬ್ರೌಸರ್‌ಗಳನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

• ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2022ರ ಜೂನ್ 15ರಂದು ಕೊನೆಗೊಂಡಿದೆ. ಅದನ್ನೇ ಅವಲಂಬಿಸಿದ ಹಳೆಯ ತಾಣಗಳನ್ನು ಎಡ್ಜ್‌ನ ಐಇ ಮೋಡ್‌ನಲ್ಲಿ ತೆರೆಯಬಹುದು.
• ವಿಂಡೋಸ್ 7 ಇರುವ ಗಣಕಯಂತ್ರಗಳಿಗೆ ಕ್ರೋಮ್‌ನ 109ನೆಯ ಆವೃತ್ತಿಯೇ ಕೊನೆಯದು. ಇಂತಹ ಯಂತ್ರಗಳಲ್ಲಿ ಹಣಕಾಸಿನ ವ್ಯವಹಾರ ಬೇಡ.
• ಅನೇಕರು ಬಳಸುವ ಗಣಕಯಂತ್ರದಲ್ಲಿ ರೈತರ ಅರ್ಜಿ ತುಂಬುವಾಗ ಇನ್‌ಕಾಗ್ನಿಟೊ ಕಿಟಕಿಯನ್ನು ಬಳಸಿರಿ. ಕೆಲಸ ಮುಗಿದ ಬಳಿಕ ಅಂತಹ ಕಿಟಕಿಗಳನ್ನೆಲ್ಲ ಮುಚ್ಚಿದರೆ ಲಾಗಿನ್ ಅಳಿಯುತ್ತದೆ. ಆದರೆ ಡೌನ್‌ಲೋಡ್ ಮಾಡಿದ ಪಹಣಿ, ಆಧಾರ್ ಪ್ರತಿಗಳು ಯಂತ್ರದಲ್ಲಿಯೇ ಉಳಿಯುತ್ತವೆ. ರೈತರು ಹೊರಡುವ ಮುನ್ನ ಅವರೆದುರಿನಲ್ಲಿಯೇ ಅವುಗಳನ್ನು ಅಳಿಸಿರಿ.