ಮೆಜೆಸ್ಟಿಕ್‌ನ ಅಡಿಯಲ್ಲೊಂದು ಕೆರೆ

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಫಿರಂಗಿಗಳ ಜತೆ ನಕಾಶೆ ಬರೆಯುವವರೂ ಬಂದಿದ್ದರು. ಅವರು ಬರೆದ ಹಾಳೆಗಳಲ್ಲಿ ಉತ್ತರಕ್ಕೆ ಪೇಟೆ, ಅದಕ್ಕೆ ಅಂಟಿಕೊಂಡಂತೆ ದಕ್ಷಿಣಕ್ಕೆ ಮೊಟ್ಟೆಯಾಕಾರದ ಕಲ್ಲುಕೋಟೆ. ಪೇಟೆಯ ಸುತ್ತ ಕಂದಕ, ಮುಳ್ಳಿನ ಮೆಳೆ. ಗೋಡೆ ಎಲ್ಲಿ ಒಡೆದೀತು ಎಂಬುದಷ್ಟೇ ಅವರಿಗೆ ಮುಖ್ಯವಾಗಿತ್ತು. ನೇಕಾರರ, ವರ್ತಕರ ಬದುಕು ಆ ಹಾಳೆಗೆ ಇಳಿಯಲಿಲ್ಲ. ಹಳೆಯ ನಕಾಶೆಯನ್ನು ಬಿಡಿಸಿದಾಗ, ಅದನ್ನು ಬರೆಸಿದವರಿಗೆ ಏನು ಬೇಕಿತ್ತು ಎಂದು ಮೊದಲು ಕೇಳಿಕೊಳ್ಳಬೇಕು.

1809ರಲ್ಲಿ ಪೇಟೆಯ ಪಕ್ಕದಲ್ಲಿ ಬ್ರಿಟಿಷರ ದಂಡು ಪ್ರದೇಶ ಬಂತು. ಆಮೇಲಿನ ನಕಾಶೆಗಳಲ್ಲಿ ಕಾಣುವುದು ಅಕ್ಕಪಕ್ಕದ ಎರಡು ಊರು. ನಡುವೆ ಸಂಪಂಗಿ ಕೆರೆ.

ಈ ಕೆರೆಯ ಕಥೆಯನ್ನು ನಕಾಶೆಗಳಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳುವುದಿಲ್ಲ. ಒಂದು ಕಾಲಕ್ಕೆ ಅಗಲವಾಗಿ ಹರಡಿದ್ದ ನೀರು ಬರಬರುತ್ತಾ ಕುಗ್ಗುತ್ತದೆ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರಿನ ಕೆರೆಗಳ ಹಂಗು ಕಡಿಮೆಯಾಯಿತು. ಹಂಗು ತಪ್ಪಿದ ಕೆರೆಯನ್ನು ಕಾಯುವವರು ಯಾರು? ಇಂದು ಅಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆದರೂ ಮೂಲೆಯಲ್ಲೊಂದು ಪುಟ್ಟ ಕೊಳ ಬದುಕಿದೆ, ಅದೂ ಬೆಂಗಳೂರು ಕರಗ ಉತ್ಸವದ ದಯೆಯಿಂದ. ಅದರ ವಿಧಿಗಳಿಗೆ ಆ ನೀರು ಇಂದಿಗೂ ಬೇಕು.

ಧರ್ಮಾಂಬುಧಿ ಕೆರೆಗೆ ಆ ಭಾಗ್ಯವೂ ಇಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿಯುವವರು ನಿಲ್ಲುವುದೇ ಅದರ ಅಂಗಳದಲ್ಲಿ. ಸಿದ್ದಿಕಟ್ಟೆ ಕೆರೆಯಿದ್ದ ಜಾಗದಲ್ಲಿ ಹೂವು, ತರಕಾರಿಯ ಕೆ.ಆರ್. ಮಾರುಕಟ್ಟೆ. 1898ರ ಪ್ಲೇಗ್ ಕೂಡ ನಕಾಶೆಯಲ್ಲಿ ಗುರುತು ಬಿಟ್ಟಿದೆ: ಪೇಟೆಯ ಇಕ್ಕಟ್ಟಿನಾಚೆ ಬಸವನಗುಡಿ, ಮಲ್ಲೇಶ್ವರಗಳ ನೇರ ಬೀದಿಗಳು ಹುಟ್ಟಿಕೊಂಡವು.

ಇವೆಲ್ಲಕ್ಕಿಂತ ಜೀವಂತವಾದ ನಕಾಶೆ ಸರ್ವೆ ಇಲಾಖೆಯ ಗ್ರಾಮನಕ್ಷೆ. ಅದರಲ್ಲಿ ಜಮೀನಿನ ಅಳತೆ ಎಕರೆ, ಗುಂಟೆಗಳಲ್ಲಿ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಸೇರಿದರೆ ಎಕರೆ. ಸರ್ವೆ ನಂಬರುಗಳ ನಡುವೆ ಕೆರೆ, ಕುಂಟೆ, ಗೋಮಾಳ, ಬಂಡಿದಾರಿ, ಸ್ಮಶಾನ ಎಲ್ಲಕ್ಕೂ ಜಾಗವಿದೆ. ಹಳ್ಳ, ಕಾಲುವೆಗಳು ಸಾರ್ವಜನಿಕ ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಯಾವ ದಾರಿ ಹಿಡಿದು ಕೆಳಗಿನ ಕೆರೆ ಸೇರುತ್ತದೆ ಎಂಬುದು ಆ ಗೆರೆಗಳಲ್ಲಿ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಬಡಾವಣೆ ಬರೆದವರು ಅದನ್ನು ನೋಡಲಿಲ್ಲ ಎಂಬುದೇ ಸಂಕಟ.

2022ರ ಸೆಪ್ಟೆಂಬರ್‌ನಲ್ಲಿ ಊರಿನ ಪೂರ್ವಭಾಗದ ಬಡಾವಣೆಗಳು ಮುಳುಗಿದವು. ನೀರು ಇಳಿದ ಮೇಲೆ ಸರ್ವೆಯವರು ಅದೇ ಗ್ರಾಮನಕ್ಷೆ ಹಿಡಿದು ರಾಜಕಾಲುವೆ ಹುಡುಕಿದರು. ಕಾಲುವೆಯ ಅಂಚು ಎಲ್ಲಿ ಹಾದಿತ್ತೋ ಅಲ್ಲಿ, ಕಾಂಪೌಂಡ್ ಗೋಡೆಗಳ ಮೇಲೆ, ಕೆಂಪು ಬಣ್ಣದ ಗುರುತು ಬಿತ್ತು.