ರೆನೆ ಲೆವೆಕ್: ಲಿಬರಲ್ ಪಕ್ಷದಿಂದ ಹೊರಟ ದಾರಿ

ಕೆನಡಾದ ಹತ್ತು ಪ್ರಾಂತ್ಯಗಳ ಪೈಕಿ ಫ್ರೆಂಚ್ ಭಾಷಿಕರು ಬಹುಸಂಖ್ಯಾತರಾಗಿರುವುದು ಕ್ವಿಬೆಕ್‌ನಲ್ಲಿ ಮಾತ್ರ. ಆದರೂ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅಲ್ಲಿನ ದೊಡ್ಡ ಉದ್ಯಮಗಳು ಬಹುಮಟ್ಟಿಗೆ ಇಂಗ್ಲಿಷ್ ಭಾಷಿಕರ ಹಿಡಿತದಲ್ಲಿದ್ದವು. ರೆನೆ ಲೆವೆಕ್ ಅವರ ಪಕ್ಷಾಂತರದ ಬೇರುಗಳಿರುವುದು ಈ ಅಸಮಾನತೆಯಲ್ಲಿಯೇ.

ದೂರದರ್ಶನ ಪತ್ರಕರ್ತರಾಗಿ ಮನೆಮಾತಾಗಿದ್ದ ಲೆವೆಕ್ 1960ರಲ್ಲಿ ಲಿಬರಲ್ ಪಕ್ಷದಿಂದ ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾಗಿ, ಜಾನ್ ಲೆಸಾಜ್ ಅವರ ಸಂಪುಟದಲ್ಲಿ ಸಚಿವರಾದರು. ಖಾಸಗಿ ವಿದ್ಯುತ್ ಕಂಪನಿಗಳನ್ನು ಸರ್ಕಾರವೇ ಕೊಳ್ಳಬೇಕೆಂಬ ಅವರ ಪಟ್ಟಿಗೆ ಮೊದಲು ಹಿಂಜರಿದ ಲೆಸಾಜ್, ಕೊನೆಗೆ ಅದನ್ನೇ ಮುಂದಿಟ್ಟು 1962ರಲ್ಲಿ ಅವಧಿಗೆ ಮೊದಲೇ ಚುನಾವಣೆ ನಡೆಸಿ ಗೆದ್ದರು. ‘ನಮ್ಮ ಮನೆಗೆ ನಾವೇ ಯಜಮಾನರು’ ಎಂಬುದು ಆ ಚುನಾವಣೆಯ ಘೋಷಣೆ. ಮರುವರ್ಷ ಆ ಕಂಪನಿಗಳು ಸರ್ಕಾರಿ ಸಂಸ್ಥೆಯಾದ ಹೈಡ್ರೊ-ಕ್ವಿಬೆಕ್‌ನ ವಶಕ್ಕೆ ಬಂದು, ಫ್ರೆಂಚ್‌ನಲ್ಲಿಯೇ ದುಡಿಯುವ ಎಂಜಿನಿಯರುಗಳ ಒಂದು ಪೀಳಿಗೆಗೆ ಬಾಗಿಲು ತೆರೆಯಿತು. ಆ ಘೋಷಣೆಯನ್ನು ಲೆಸಾಜ್ ವಿದ್ಯುತ್ತಿಗೆ ಸೀಮಿತಗೊಳಿಸಬಯಸಿದರೆ, ಲೆವೆಕ್ ಅದನ್ನು ಅದರ ತಾರ್ಕಿಕ ಕೊನೆಯವರೆಗೆ ಒಯ್ದರು ಎನ್ನಬೇಕು.

ಲಿಬರಲ್ಲರು 1966ರಲ್ಲಿ ಅಧಿಕಾರ ಕಳೆದುಕೊಂಡ ಬಳಿಕ ಬಿರುಕು ಬಯಲಾಯಿತು. 1967ರ ಅಕ್ಟೋಬರ್‌ನಲ್ಲಿ ಕ್ವಿಬೆಕ್ ನಗರದಲ್ಲಿ ನಡೆದ ಪಕ್ಷದ ಅಧಿವೇಶನದಲ್ಲಿ ಲೆವೆಕ್ ಮಂಡಿಸಿದ್ದು ಸಾರ್ವಭೌಮತ್ವದ ಠರಾವು. ಕ್ವಿಬೆಕ್ ಸ್ವತಂತ್ರ ರಾಷ್ಟ್ರವಾಗಬೇಕು, ಆದರೆ ಕೆನಡಾದೊಡನೆ ಆರ್ಥಿಕ ಸಹಭಾಗಿತ್ವ ಉಳಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಅದಕ್ಕೆ ಬೆಂಬಲ ಸಿಗದೆಂಬುದು ಖಚಿತವಾದಾಗ ಅವರು ಪಕ್ಷವನ್ನು ತೊರೆದು, ಬೆರಳೆಣಿಕೆಯ ಬೆಂಬಲಿಗರೊಂದಿಗೆ ಸಭಾಂಗಣದಿಂದ ಹೊರನಡೆದರು.

ಮರುವರ್ಷ ಅವರ ನೇತೃತ್ವದಲ್ಲಿ ಪಾರ್ಟಿ ಕ್ವಿಬೆಕ್ವಾ ಎಂಬ ಹೊಸ ಪಕ್ಷ ಹುಟ್ಟಿತು. ಅಧಿಕಾರವನ್ನು ಹುಡುಕಿಕೊಂಡು ಹೋಗುವ ಸಾಮಾನ್ಯ ಪಕ್ಷಾಂತರಕ್ಕೂ ಇದಕ್ಕೂ ಅಜಗಜಾಂತರ. 1970ರಲ್ಲಿ ಪಕ್ಷಕ್ಕೆ ಶೇ 23ರಷ್ಟು ಮತ ಬಂದರೂ ದಕ್ಕಿದ್ದು 7 ಸ್ಥಾನ. ಲೆವೆಕ್ ಸ್ವತಃ ಆಗಲೂ 1973ರಲ್ಲೂ ಸೋತರು. 1976ರ ನವೆಂಬರ್ 15ರಂದು 110ರಲ್ಲಿ 71 ಸ್ಥಾನ ಗೆದ್ದು ಮುಖ್ಯಮಂತ್ರಿಗೆ ಸಮಾನವಾದ ಪ್ರೀಮಿಯರ್ ಹುದ್ದೆಗೇರಿದ ಅವರ ಸರ್ಕಾರ, ಮರುವರ್ಷ ಫ್ರೆಂಚ್ ಭಾಷಾ ಶಾಸನವನ್ನು ತಂದಿತು. ಸಾರ್ವಭೌಮತ್ವದ ಮಾತುಕತೆಗೆ ಅನುಮತಿ ಕೋರಿದ 1980ರ ಜನಮತಗಣನೆಯನ್ನು ಮಾತ್ರ ಮತದಾರರಲ್ಲಿ ಶೇ 60ರಷ್ಟು ಮಂದಿ ತಿರಸ್ಕರಿಸಿದರು. ಭಾಷಾ ಶಾಸನದ ಪ್ರಖರತೆಯಲ್ಲಿ ಮರೆಯಾದ, ಆದರೆ ಅಷ್ಟೇ ಮಹತ್ವದ 1977ರ ಇನ್ನೊಂದು ಕಾನೂನು ಪಕ್ಷಗಳಿಗೆ ಕಂಪನಿಗಳೂ ಕಾರ್ಮಿಕ ಸಂಘಗಳೂ ದೇಣಿಗೆ ಕೊಡುವುದನ್ನು ನಿಷೇಧಿಸಿ, ಆ ಹಕ್ಕನ್ನು ಮತದಾರರಿಗಷ್ಟೇ, ಅದೂ ವರ್ಷಕ್ಕೆ 3,000 ಡಾಲರ್ ಮಿತಿಯೊಳಗೆ, ಉಳಿಸಿತು. ಚುನಾವಣಾ ನಿಧಿಯ ಗುಟ್ಟುಗಳ ಬಗೆಗೆ ಲಿಬರಲ್ ಪಕ್ಷದೊಳಗಿದ್ದಾಗಲೇ ಲೆವೆಕ್ ಎತ್ತಿದ್ದ ತಕರಾರು ಹೀಗೆ ಶಾಸನವಾಯಿತು.